ಕುಳ್ಳು ತುಂಬಿದ್ದ ಶೌಚಾಲಯ

ಫಿನೈಲಿನ ವಾಸನೆ ಬಡಿದಾಗಲೆಲ್ಲ ಬೀಳಗಿ ಬಳಿಯ ನಮ್ಮ ಪುನರ್ವಸತಿ ಕೇಂದ್ರದ ಆ ಮಧ್ಯಾಹ್ನ ನೆನಪಾಗಿ ಇಂದಿಗೂ ಹೇಸಿಗೆಯಾಗುತ್ತದೆ.

ಹಳೆಯ ಊರು ಹಿನ್ನೀರಿನಲ್ಲಿ ಮುಳುಗಿತ್ತು. ಹೊಸ ಊರಿನಲ್ಲಿ ಮರೆಗೊಂದು ಜಾಲಿಗಿಡವೂ ಇರಲಿಲ್ಲ. ಸರ್ಕಾರ ಕಟ್ಟಿಸಿಕೊಟ್ಟ ಶೌಚಾಲಯದಲ್ಲಿ ಅಪ್ಪ ಸಗಣಿಯ ಕುಳ್ಳು ಒಟ್ಟಿದ್ದ. ಹೊಟ್ಟೆ ಕೆಟ್ಟಿದ್ದ ನನ್ನನ್ನು ಅವ್ವ ರಸ್ತೆಯ ಬದಿಗೆ ಕರೆದೊಯ್ದು, ಸೆರಗು ಹರವಿ ಅಡ್ಡ ನಿಂತಳು. ಬೈಕಿನವನೊಬ್ಬ ವೇಗ ತಗ್ಗಿಸಿ, "ನಿಮ್ಮನ್ಯಾಗ ಸಂಡಾಸ ಇಲ್ಲೇನ ಬೇ?" ಎಂದು ನಕ್ಕ.

ಅವ್ವ ಮನೆಗೆ ಬಂದವಳೇ ಕುಳ್ಳುಗಳನ್ನು ಅಂಗಳಕ್ಕೆ ಎಸೆಯತೊಡಗಿದಳು.

"ಮಳಿ ಬಂದ್ರ ತೊಯ್ತಾವಲೇ. ಅಡಗಿಮನಿ ಬಾಜೂಕ ಸಂಡಾಸ ಅಂದ್ರ ಹೊಲಸು," ಎಂದ ಅಪ್ಪ.

"ಮಗಳನ್ನ ಬೀದ್ಯಾಗ ಕುಂಡ್ರಿಸೂದು ಹೊಲಸಲ್ಲೇನ್ರಿ?"

ಅಪ್ಪ ನನ್ನತ್ತ ನೋಡದೆ ಮುರಿದ ಕುಳ್ಳುಗಳನ್ನು ಆರಿಸಿಕೊಂಡ. ಅವ್ವ ಫಿನೈಲು ಸುರಿದು ಶೌಚಾಲಯದ ನೆಲ ತೊಳೆದು, ನನ್ನನ್ನು ಒಳಗೆ ಬಿಟ್ಟು, ಚಿಲಕ ಹಾಕಿಕೊಳ್ಳುವುದನ್ನು ಹೇಳಿಕೊಟ್ಟಳು.