ಒಂಬತ್ತನೇ ನಂಬರಿನ ಜಾಗ ಖಾಲಿ

ಅಮೆರಿಕದಲ್ಲಿ, ಅಯೋವಾದ ಮೆಕ್ಕೆಜೋಳದ ಸೀಮೆಯಲ್ಲಿ ಒಬ್ಬ ಮುದುಕನಿದ್ದನಂತೆ. ಎಲ್ಲರಿಗಿರುವಂತೆ ಅವನಿಗೂ ಎರಡೇ ಕಣ್ಣು. ಆದರೆ ಕಂಡದ್ದನ್ನು ಕಂಡಂತೆ ಹೇಳದೆ ಅವಕ್ಕೆ ನಿದ್ದೆ ಬರುತ್ತಿರಲಿಲ್ಲವಂತೆ. ಬಹಳ ಹಿಂದಿನ ಮಾತಲ್ಲ, ಹೋದ ನವೆಂಬರಿನದು.

ಆರ್ವಿಡ್ ಅವನ ಹೆಸರು. ತನ್ನೂರಿನ ಕಾಲೇಜು ಬರುವ ಶನಿವಾರ ಯಾರ ವಿರುದ್ಧ, ಕೈಯಲ್ಲಿ ಚೆಂಡೆಸೆಯುವ ಅಲ್ಲಿನ ಫುಟ್‌ಬಾಲ್ ಆಡಬೇಕೋ ಆ ತಂಡದ ಆಟವನ್ನು ವಾರ ಮೊದಲೇ ಹೋಗಿ ನೋಡಿ, ಒಬ್ಬೊಬ್ಬನ ಲೋಪವನ್ನೂ ಹಾಳೆಯ ಮೇಲೆ ಬರೆದುಕೊಡುವುದು ಮೂವತ್ತೊಂದು ವರ್ಷದಿಂದ ಅವನ ಕೆಲಸ. ಅವನ ಕೈಲೇ ಆಟ ಕಲಿತು ಈಗ ಕೋಚ್ ಆಗಿರುವ ಡ್ವೇನ್, ವಿಡಿಯೊಗಳು ರಾಶಿ ಬಿದ್ದಿದ್ದರೂ ಆ ಹಾಳೆಗೇ ಕಾಯುತ್ತಿದ್ದ. ವಿಡಿಯೊ ಚೆಂಡನ್ನು ನೋಡುತ್ತೆ, ನಮ್ಮ ಮೇಷ್ಟ್ರು ಹುಡುಗರನ್ನು ನೋಡುತ್ತಾರೆ ಎನ್ನುತ್ತಿದ್ದ. ಈ ಸಲದ ಎದುರಾಳಿ ಹೊಳೆಯಾಚೆಯ ಕಾಲೇಜು. ಅವರ ಕಡೆ ಚೆಂಡೆಸೆಯುವ ಒಂಬತ್ತನೇ ನಂಬರಿನವನು ಗ್ರೇಡಿ, ಆರ್ವಿಡ್‌ನ ಮಗಳ ಮಗ. ಈ ಒಂದು ವಾರ ಬಿಟ್ಟುಬಿಡಿ, ನಾನೇನೂ ಅಂದುಕೊಳ್ಳುವುದಿಲ್ಲ ಎಂದು ಡ್ವೇನ್ ಹೇಳಿ ನೋಡಿದ. ಬುಧವಾರ ಮಧ್ಯಾಹ್ನ ಹಾಳೆ ನಿನ್ನ ಮೇಜಿನ ಮೇಲಿರುತ್ತೆ ಎಂದು ಮುದುಕ ಮಾತು ಕೊಟ್ಟುಬಿಟ್ಟ.

ಶನಿವಾರ ಹೆಂಡತಿಯನ್ನೂ ಕರೆದುಕೊಂಡು ಹೋಗಿ ಆ ತಂಡದ ಆಟ ನೋಡಿ ಬಂದ. ಬುಧವಾರ ಬೆಳಿಗ್ಗೆ ಹೊತ್ತಿಗೆ ಉಳಿದವರೆಲ್ಲರ ಲೋಪ ಬರೆದು ಮುಗಿದಿತ್ತು. ಒಬ್ಬನಿಗೆ ಎಡಮೊಣಕಾಲು ನೋವು. ಇನ್ನೊಬ್ಬ ಒಂದು ಗುದ್ದು ತಿಂದರೆ ಐದು ನಿಮಿಷ ಮುನಿಸಿಕೊಂಡಿರುತ್ತಾನೆ. ಒಂಬತ್ತರ ಮುಂದೆ ಮಾತ್ರ ಏನೂ ಇಲ್ಲ. ಎದುರಿಗೆ ಕೂತು ವಾಲ್‌ನಟ್ ಒಡೆಯುತ್ತಿದ್ದ ಹೆಂಡತಿ ವರ್ನಾ ಹಾಳೆಯತ್ತ ಬಗ್ಗಿದಳು.

"ಯಾಕೆ, ಮೊಮ್ಮಗ ಅಂದ ತಕ್ಷಣ ಪೆನ್ನಲ್ಲಿ ಇಂಕು ಖಾಲಿ ಆಯ್ತಾ?"

"ಲೋಪ ಸಿಕ್ಕಿದೆ ವರ್ನಾ. ಅದೇ ತೊಂದರೆ."

ಹತ್ತಿರದವರಿಗೆ ಎಸೆಯುವಾಗ ಗ್ರೇಡಿ ಎಲ್ಲರಂತೆಯೇ. ಆದರೆ ಬಹುದೂರಕ್ಕೆ ಎಸೆಯುವ ಮುನ್ನ, ರೆಪ್ಪೆ ಬಡಿಯುವಷ್ಟು ಹೊತ್ತು, ತಲೆಯೆತ್ತಿ ಜನ ಕೂತ ಮೆಟ್ಟಿಲುಗಳತ್ತ ನೋಡುತ್ತಾನೆ. ಆರು ಸಲ ದೂರ ಎಸೆದ, ಆರು ಸಲವೂ ನೋಡಿದ. ಮೊದಲಿಗೆ, ಗಾಳಿ ಯಾವ ಕಡೆಗಿದೆ ಅಂತ ನೋಡುತ್ತಿರಬೇಕು ಎಂದುಕೊಂಡಿದ್ದನಂತೆ ಆರ್ವಿಡ್.

"ಮತ್ತೇನು ನೋಡ್ತಿದ್ದ?"

"ನಿನ್ನ ಕಿತ್ತಳೆ ಟೋಪಿ. ಪಕ್ಕದಲ್ಲಿ ಕೂತ ನನ್ನನ್ನ."

ವರ್ನಾಳ ಕೈ ನಿಂತಿತು. ಇದು ಗ್ರೇಡಿಯ ಕಾಲೇಜಿನ ಕಡೇ ವರ್ಷ, ಶನಿವಾರದ್ದು ಅವನ ಕಡೇ ಆಟ. ಹಾಳೆಯಲ್ಲಿ ಈ ಸಾಲು ಬಿದ್ದರೆ ಅವನು ತಲೆಯೆತ್ತುವುದೇ ತಡ, ಡ್ವೇನ್‌ನ ಹುಡುಗರು ಹಿಂದಕ್ಕೆ ಓಡಿ ಚೆಂಡಿಗೆ ಕಾದು ನಿಲ್ಲುತ್ತಾರೆ. ಬೀಳದಿದ್ದರೆ, ಮೂವತ್ತೊಂದು ವರ್ಷದಲ್ಲಿ ಆರ್ವಿಡ್ ಬರೆದ ಮೊದಲ ಸುಳ್ಳು ಹಾಳೆ ಇದು. ಹುಡುಗನಿಗೊಂದು ಫೋನ್ ಮಾಡಿ ಎಚ್ಚರಿಸೋಣ ಎಂದಳು ವರ್ನಾ. ಅದು ಸುಳ್ಳಿಗಿಂತ ದೊಡ್ಡ ಮೋಸ ಎಂದ ಅವನು. ವಾಲ್‌ನಟ್ ಸಿಪ್ಪೆಯನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿ ಅವಳು ಮತ್ತೆ ಹೇಳಿದಳು.

"ಹಾಗಾದ್ರೆ ಶನಿವಾರ ಮನೇಲೇ ಕೂತು ರೇಡಿಯೊ ಕೇಳೋಣ. ನಾವಿಲ್ದಿದ್ರೆ ಅವನು ನೋಡೋದಾದ್ರೂ ಏನನ್ನ?"

"ನೋಡೇ ನೋಡ್ತಾನೆ. ನಾವು ಕಾಣದೇ ಹೋದ್ರೆ ಚೆಂಡು ಕೈಯಿಂದ ಹೊರಡುತ್ತಾ, ಹೇಳು."

ಆರ್ವಿಡ್ ಪೆನ್ನು ತೆಗೆದುಕೊಂಡ. "ಒಂಬತ್ತು: ಬಹುದೂರ ಎಸೆಯುವ ಮುನ್ನ ಮೇಲೆ ನೋಡಿ ತನ್ನವರನ್ನು ಹುಡುಕುತ್ತಾನೆ." ಇಷ್ಟೇ ಬರೆದು, ಕೋಟು ಹಾಕಿಕೊಂಡು ಹೊರಟ.

ಡ್ವೇನ್ ನಿಂತೇ ಓದಿದ. ಒಂಬತ್ತರ ಸಾಲನ್ನು ಎರಡು ಸಲ ಓದಿ, ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡ. ಆಮೇಲೆ ತುಂಬ ಮೆಲ್ಲಗೆ, ಬೇರೇನೋ ಕೇಳುವವನ ಹಾಗೆ ಕೇಳಿದ:

"ಮೇಷ್ಟ್ರೇ, ಶನಿವಾರ ಎಲ್ಲಿ ಕೂತ್ಕೋತೀರಿ?"

ಬಾಗಿಲಲ್ಲಿದ್ದ ಆರ್ವಿಡ್ ತಿರುಗಿದ.

"ಅವನಿಗೆ ಕಾಣೋ ಕಡೆ."