ಅಕ್ಕನ ಕೋಳಿಯ ಮೊಟ್ಟೆ

ಬೇಯಿಸಿದ ಮೊಟ್ಟೆಯ ವಾಸನೆ ಬಂದರೆ ಈಗಲೂ ನನಗೆ ಸಿಟ್ಟು ಬರುತ್ತದೆ.

ಹಾಗಲವಾಡಿಯ ನಮ್ಮ ಮನೆಯಲ್ಲಿ ಕೋಳಿ ಸಾಕಿದವಳು ಅಕ್ಕ. ಮೊಟ್ಟೆ ಮಾತ್ರ ನನ್ನ ತಟ್ಟೆಗೆ ಬೀಳುತ್ತಿತ್ತು. ಬೆಳಗ್ಗೆ ಬರೀ ಕಾಫಿ ಕುಡಿದು ಕೆರೆಯ ಏರಿಯ ಮೇಲೆ ಓಡುತ್ತಿದ್ದ ಅವಳಿಗೆ ಅಜ್ಜಿ ಹೇಳುತ್ತಿದ್ದರು: "ಗಂಡುಡ್ಗ ತಿನ್ಲಿ ಬುಡು. ನೀನು ಓಡ್ತಾ ಇದ್ರೆ ಕಾಲು ತಾನಾಗೇ ಗಟ್ಟಿ ಆಗ್ತವೆ ಕಣೇ."

ಗುಬ್ಬಿಯ ತಾಲ್ಲೂಕು ಓಟದಲ್ಲಿ ಮೂರು ಸುತ್ತಿನವರೆಗೂ ಎಲ್ಲರಿಗಿಂತ ಮುಂದಿದ್ದ ಅಕ್ಕ ನಾಲ್ಕನೆಯದರಲ್ಲಿ ಕುಸಿದು ಕುಳಿತಳು.

"ಪ್ರಾಕ್ಟೀಸ್ ಸಾಲ್ದು ಕಣಮ್ಮ," ಎಂದರು ಮೇಷ್ಟ್ರು.

"ಒಂದಿನಾನೂ ತಪ್ಪಿಸಿಲ್ಲ ಸಾರ್," ಎಂದಳು ಅಕ್ಕ.

ಅವಳು ಸೋತದ್ದು ಅಭ್ಯಾಸ ಸಾಲದೆ ಎಂದೇ ಮನೆಯವರು ಇಂದಿಗೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅವಳು ಕುಸಿದ ಗಳಿಗೆಯಲ್ಲಿ ನಾನು ಅದೇ ಮೈದಾನದ ಬೇಲಿಯ ಬಳಿ, ಅಜ್ಜಿ ಕಟ್ಟಿಕೊಟ್ಟ ಮೊಟ್ಟೆಯ ಸಿಪ್ಪೆ ಸುಲಿಯುತ್ತಿದ್ದೆ.