ಎದುರುಬದುರು ದೇವರು

ಊದುಬತ್ತಿ ಹಚ್ಚಿ ಬಾಗಿಲು ತೆರೆದ ಗೈಕ್ ನಿಯೋ ಹೊಸ್ತಿಲಲ್ಲೇ ನಿಂತುಬಿಟ್ಟಳು. ಇಷ್ಟು ದಿನ ಬೀಗ ಹಾಕಿದ್ದ ಎದುರು ಫ್ಲ್ಯಾಟಿನ ಬಾಗಿಲೂ ಇವತ್ತು ತೆರೆದಿತ್ತು. ಅಲ್ಲಿ ಕೆತ್ತನೆಯ ಮರದ ಮಂಟಪದೊಳಗಿಂದ ಸೇನಾಪತಿ ದೇವರು ಕ್ವಾನ್ ಕೊಂಗ್ ಕತ್ತಿ ಹಿಡಿದು ಇವಳ ಮನೆಯನ್ನೇ ದುರುಗುಟ್ಟಿ ನೋಡುತ್ತಿದ್ದ. ಇವಳ ಬೆನ್ನ ಹಿಂದೆ, ಗಂಡನ ಅಜ್ಜ ಚೀನಾದಿಂದ ಇಲ್ಲಿಗೆ, ಪೆನಾಂಗಿಗೆ, ಹಡಗಿನಲ್ಲಿ ತಂದ ಮಂಟಪದಲ್ಲಿ ಇವಳ ಕ್ವಾನ್ ಕೊಂಗ್. ಅವನ ಕೈಯಲ್ಲೂ ಕತ್ತಿ.

"ಇಬ್ಬರು ಸೇನಾಪತಿಗಳು ಎದುರುಬದುರು ನಿಂತರೆ ಮನೆ ಉದ್ಧಾರ ಆಗುತ್ತಾ?" ಎಂದು ಸೊಸೆಯ ಮುಂದೆ ಗೊಣಗಿದಳು. "ಅದಕ್ಕೇ ಈ ಹೊಸ ಮನೆಗೆ ಬಂದಾಗಿಂದ ನನಗೆ ನಿದ್ದೆ ಇಲ್ಲ. ಮಾತಾಡೋಕೆ ಒಂದು ಜನ ಇಲ್ಲ. ದೇವರನ್ನ ಕರ್ಕೊಂಡು ತೈಪಿಂಗಿಗೆ, ತಂಗಿ ಮನೆಗೆ ಹೋಗಿಬಿಡ್ತೀನಿ."

"ಇಬ್ಬರೂ ಒಬ್ಬನೇ ದೇವರಲ್ವಾ ಅತ್ತೆ?" ಎಂದಳು ಸೊಸೆ ಸುವಾತ್ ಖೆಂಗ್. "ತನ್ನ ಜೊತೆ ತಾನೇ ಜಗಳ ಆಡ್ತಾನಾ?"

"ನಿನ್ನ ಗಂಡ ಕನ್ನಡಿ ಮುಂದೆ ದಿನಾ ಆಡಲ್ವಾ?"

ಮಂಟಪವನ್ನು ಸರಿಸುವಂತಿರಲಿಲ್ಲ. ಒಂದು ಗೋಡೆಗೆ ಬಚ್ಚಲ ಬಾಗಿಲು, ಇನ್ನೊಂದಕ್ಕೆ ಒಲೆ. ಮನೆ ಕಾಯುವ ದೇವರಿಗೆ ಹಗಲೆಲ್ಲ ಹೊರಗು ಕಾಣಬೇಕಾದ್ದರಿಂದ ಬಾಗಿಲು ಹಾಕುವಂತೆಯೂ ಇರಲಿಲ್ಲ. ಗೈಕ್ ನಿಯೋ ಸೆರಗಿಲ್ಲದಿದ್ದರೂ ಸೆರಗು ಬಿಗಿದವಳಂತೆ ಎದುರು ಮನೆಗೆ ನಡೆದಳು.

"ಬಾಗಿಲು ನೀವು ಹಾಕ್ಕೊಳ್ಳಿ," ಎಂದಳು ಅಲ್ಲಿಯ ಮುದುಕಿ ಬೊಯ್ ಹೂನ್. "ಹೊಸಬರು ನೀವು."

"ನಾನು ಹೊಸಬಳು. ನಮ್ಮ ಮಂಟಪ ನಿಮ್ಮದಕ್ಕಿಂತ ಹಳೇದು."

"ಹಾಗಾದ್ರೆ ದೇವರನ್ನೇ ಕೇಳೋಣ."

ಎದುರಿನವರು ಬಾಗಿಲು ಹಾಕಬೇಕೇ ಎಂದು ಕೇಳಿ, ಅರ್ಧಚಂದ್ರದಂಥ ಎರಡು ಮರದ ತುಂಡುಗಳನ್ನು ಗೈಕ್ ನಿಯೋ ತನ್ನ ದೇವರ ಮುಂದೆ ಎಸೆದಳು. ಒಂದು ಮಗುಚಿ ಒಂದು ಅಂಗಾತ ಬಿದ್ದರೆ ಒಪ್ಪಿಗೆ. ಎರಡೂ ಅಂಗಾತ ಬಿದ್ದವು. ಎಂದರೆ, ದೇವರು ನಗುತ್ತಿದ್ದಾನೆ. ಬೊಯ್ ಹೂನ್ ತನ್ನ ಮನೆಯಲ್ಲಿ ಎಸೆದಳು. ಅಲ್ಲೂ ನಗು.

"ಇವರಿಬ್ಬರೂ ಒಂದಾಗಿಬಿಟ್ರು," ಎಂದಳು ಬೊಯ್ ಹೂನ್.

ದೇವರು ನೆಟ್ಟಗೆ ಉತ್ತರ ಕೊಡುವವರೆಗೆ ಏನಾದರೂ ಮಾಡಬೇಕಲ್ಲ. ಇಬ್ಬರೂ ತಮ್ಮ ತಮ್ಮ ಬಾಗಿಲಿಗೆ ಸ್ಟೂಲು ಹಾಕಿಕೊಂಡು, ದೇವರ ನೋಟಕ್ಕೆ ಅಡ್ಡವಾಗಿ ಕೂತರು. ಸುಮ್ಮನೆ ಕೂರುವುದೇಕೆಂದು ಅಡುಗೆಗೆ ಹೆಸರುಮೊಳಕೆಯ ಬಾಲ ಚಿವುಟಿದರು. ಬಾಯಿ ಸುಮ್ಮನಿರುವುದೇಕೆಂದು ಸೊಂಟನೋವು, ಸೊಸೆ, ಮೀನಿನವಳ ಮೋಸ ಎಲ್ಲ ಬಂದವು. ವಾರ ಕಳೆಯುವಷ್ಟರಲ್ಲಿ 'ನೀವು' ಹೋಗಿ 'ನೀನು' ಆಗಿತ್ತು. ತೈಪಿಂಗಿನ ತಂಗಿ ಫೋನ್ ಮಾಡಿದರೆ, "ಆಮೇಲೆ ಮಾಡೇ, ಕೈ ಬಿಡುವಿಲ್ಲ," ಎನ್ನುತ್ತಿದ್ದಳು ಗೈಕ್ ನಿಯೋ.

ಶನಿವಾರ ಸುವಾತ್ ಖೆಂಗ್ ಪೇಟೆಯಿಂದ ಓಡೋಡಿ ಬಂದಳು. "ನೋಡಿ ಅತ್ತೆ, ಬಾಗಿಲಿಗೆ ಪರದೆ. ಗಾಳಿ ಬರುತ್ತೆ, ಎದುರು ಮನೆ ಕಾಣಲ್ಲ. ನೀವಿನ್ನು ಕಾವಲು ಕೂರೋದು ಬೇಡ."

ಗೈಕ್ ನಿಯೋ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಬಾಗಿಲಿಗೆ ಹಿಡಿದು ನೋಡಿದಳು. ಅಳತೆ ಸರಿಯಾಗಿತ್ತು.

"ಎಲ್ಲಿ ಹೋದ್ಯೇ?" ಎದುರು ಮನೆಯಿಂದ ಕೂಗು. "ಇವನು ಕತ್ತಿ ಎತ್ತೋ ಹಾಗಿದಾನೆ, ಬೇಗ ಬಾ."

"ಒಳ್ಳೇ ಬಟ್ಟೆ ಕಣಮ್ಮಾ," ಎನ್ನುತ್ತ ಗೈಕ್ ನಿಯೋ ಪರದೆಯನ್ನು ನೀಟಾಗಿ ಮಡಿಸಿ ಮಂಟಪದ ಹಿಂದೆ ತುರುಕಿದಳು. "ಹಬ್ಬಕ್ಕಿರಲಿ."

ಆಮೇಲೆ ದೇವರಿಗೆ ಬೆನ್ನು ಹಾಕಿ, ಸ್ಟೂಲಿನ ಮೇಲೆ ಆರಾಮವಾಗಿ ಕೂತಳು.